ಹನ್ನೊಂದು ದಿನದ ಯುರೋಪ್ ಪ್ರವಾಸದಲ್ಲಿ ಎರಡು ರಾತ್ರಿ ಬ್ರಾಕನ್‌ಹೈಮ್‌ಗೆ ಕೊಟ್ಟರೆ ದಂಡವೇ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಮಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಗೆ ಹನ್ನೊಂದು ದಿನಕ್ಕೆ ಹೋಗುತ್ತಿದ್ದೇನೆ. ಅವನ ಪಟ್ಟಿ ಸಿದ್ಧವಾಗಿದೆ: ಪ್ಯಾರಿಸ್, ಸ್ವಿಟ್ಜರ್‌ಲೆಂಡಿನ ಹಿಮದ ಬೆಟ್ಟ, ಒಂದು ಕಾರು ಸಂಗ್ರಹಾಲಯ. ನಾನು ಕೇಳಿದ್ದು ಒಂದೇ ಊರು, ಜರ್ಮನಿಯ ಬ್ರಾಕನ್‌ಹೈಮ್. "ಅಲ್ಲಿ ಏನಿದೆ ಅಮ್ಮಾ? ದ್ರಾಕ್ಷಿ ತೋಟ, ಎಂಟು ಗಂಟೆಗೆ ಬಾಗಿಲು ಹಾಕಿಕೊಳ್ಳುವ ಜನ" ಎಂದ.

ಏನಿದೆ ಎಂದರೆ, ಕನ್ನಡದ ಮೊದಲ ಪತ್ರಿಕೆ ತೆಗೆದ ಹರ್ಮನ್ ಮೊಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಅಲ್ಲಿ. ಜುಲೈ 1 ಬಂತೆಂದರೆ ಶಾಲೆಯಲ್ಲಿ ಪತ್ರಿಕಾ ದಿನದ ಭಾಷಣ ಬರೆದುಕೊಡುವ ಕೆಲಸ ನನ್ನದೇ ಆಗಿತ್ತು. "1843, ಮಂಗಳೂರ ಸಮಾಚಾರ, ಕಲ್ಲಚ್ಚು" ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಆ ಮನುಷ್ಯ ಹುಟ್ಟಿದ ಊರಿನ ಬೀದಿ ಹೇಗಿದೆ ಎಂದು ಒಮ್ಮೆ ನೋಡುವ ಆಸೆ.

ಹೋಗುವುದು ಹೇಗೆ? ನಮಗೆ ಸಿಗುವುದು ಭಾನುವಾರ ಮತ್ತು ಸೋಮವಾರ, ಅದರಿಂದ ತೊಂದರೆಯೇ? ನಾನು ಸಸ್ಯಾಹಾರಿ. ಅಥವಾ ಮಗನ ಮಾತೇ ಸರಿ ಎಂದು ಸುಮ್ಮನಾಗಲೇ?

ಹಳೆಯ_ಪ್ರವಾಸಿ:
ಮಗನ ಮಾತೇ ಸರಿ. ಅಷ್ಟು ಹಣ ಕೊಟ್ಟು ವಿಮಾನ ಹತ್ತಿ, ನಮ್ಮ ಹೋಬಳಿ ಕೇಂದ್ರದಷ್ಟು ದೊಡ್ಡ ಊರಿನಲ್ಲಿ ಎರಡು ರಾತ್ರಿ? ಸಣ್ಣ ಊರೇ ಬೇಕೆಂದರೆ ರೋಟನ್‌ಬರ್ಗ್‌ಗೆ ಹೋಗಿ. ಕೋಟೆ ಗೋಡೆ ಇದೆ, ಹಳೆಯ ಮರದ ಚೌಕಟ್ಟಿನ ಮನೆಗಳಿವೆ, ಒಳ್ಳೆಯ ಚಿತ್ರಗಳು ಸಿಗುತ್ತವೆ.

ನೆಕ್ಕರ್_ದಂಡೆ:
ರೋಟನ್‌ಬರ್ಗ್ ಸಣ್ಣ ಊರೇ? ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದು ಜಾತ್ರೆ. ಪ್ರವಾಸಿ ಬಸ್ಸುಗಳು ಹೊರಟ ಮೇಲೆ ಮಾತ್ರ ಊರು ಊರಾಗುತ್ತದೆ. ಮೇಡಂ ಕೇಳಿದ್ದು ಬೇರೆ.

ನಾನು ಹೈಲ್‌ಬ್ರಾನ್ ಹತ್ತಿರ ಏಳು ವರ್ಷದಿಂದ ಇದ್ದೇನೆ, ಬ್ರಾಕನ್‌ಹೈಮ್ ನಮಗೆ ಪಕ್ಕದ ಊರು. ಸ್ಟುಟ್‌ಗಾರ್ಟ್‌ನಿಂದ ಹೈಲ್‌ಬ್ರಾನ್ ಕಡೆಗೆ ಹೋಗುವ ಪ್ರಾದೇಶಿಕ ರೈಲು ಹತ್ತಿ ಲೌಫನ್‌ನಲ್ಲಿ ಇಳಿಯಿರಿ, ಅಲ್ಲಿಂದ ಬಸ್. ಒಂದು ಕಾಲದಲ್ಲಿ ಲೌಫನ್‌ನಿಂದ ತ್ಸಾಬರ್ ಹೊಳೆಯ ಕಣಿವೆಗುಂಟ ರೈಲೇ ಇತ್ತು, ಪ್ರಯಾಣಿಕರ ಗಾಡಿ 1986ರಲ್ಲಿ ನಿಂತಿತು. ಅದನ್ನು ಮತ್ತೆ ಓಡಿಸುವ ಮಾತು ನಾನು ಬಂದಾಗಿನಿಂದ ಕೇಳುತ್ತಿದ್ದೇನೆ. ಭಾನುವಾರ ಬಸ್ಸುಗಳು ಕಡಿಮೆ. ವೇಳಾಪಟ್ಟಿ ನೋಡದೆ ಹೊರಟರೆ ನಿಲ್ದಾಣದಲ್ಲಿ ಕುಳಿತು ಬಾತುಕೋಳಿ ಎಣಿಸಬೇಕಾಗುತ್ತದೆ.

ಚುರುಮುರಿ:
ತಿಂಗಳ ಪಾಸು ತೆಗೆದುಕೊಂಡು ಬಿಡಿ ಅಮ್ಮಾ, ದೇಶವೆಲ್ಲ ಓಡಾಡಬಹುದು.

ನೆಕ್ಕರ್_ದಂಡೆ:
ಆ ಪಾಸು ಚಂದಾ ಲೆಕ್ಕದ್ದು, ತಿಂಗಳು ತಿಂಗಳೂ ತಾನಾಗಿಯೇ ಮುಂದುವರಿಯುತ್ತದೆ. ಮರೆಯದೆ ರದ್ದು ಮಾಡಿಸಬೇಕು. ಎರಡು ದಿನದ ಓಡಾಟಕ್ಕೆ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದ ದಿನದ ಟಿಕೆಟ್ ಸಾಕು. ಒಂದೇ ಟಿಕೆಟಿನಲ್ಲಿ ಐದು ಜನರವರೆಗೆ ಹೋಗಬಹುದು, ಜನ ಹೆಚ್ಚಿದಂತೆ ದರ ಸ್ವಲ್ಪ ಏರುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರವೇ ಚಾಲ್ತಿ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ. ವೇಗದ ಬಿಳಿ ರೈಲುಗಳಿಗೆ ಹತ್ತಬೇಡಿ, ಅವಕ್ಕೆ ಇದು ನಡೆಯುವುದಿಲ್ಲ.

ಜೆಪ್ಪು_ಹಂಚು:
ಮೇಡಂ, ಖಂಡಿತ ಹೋಗಿ. ನಮ್ಮ ಮಂಗಳೂರಿಗೆ 1836ರಲ್ಲಿ ಬಂದಿಳಿದ ಮನುಷ್ಯ ಅವರು. ಅವರನ್ನು ಕಳುಹಿಸಿದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ ಜರ್ಮನಿಯದ್ದು ಎಂದು ನಮ್ಮಲ್ಲಿ ಅರ್ಧ ಜನ ತಿಳಿದಿದ್ದಾರೆ. ಬಾಸೆಲ್ ಇರುವುದು ಸ್ವಿಟ್ಜರ್‌ಲೆಂಡಿನಲ್ಲಿ. ಆದರೆ ಅಲ್ಲಿಂದ ಬಂದವರಲ್ಲಿ ಬಹಳ ಜನ ಈ ವ್ಯೂರ್ಟೆಂಬರ್ಗ್ ಸೀಮೆಯ ಸಣ್ಣ ಊರುಗಳವರೇ.

ಇನ್ನೊಂದು ಮಾತು. ಅಲ್ಲಿ ಮಾಡುಗಳನ್ನು ನೋಡಿ. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುತ್ತಿದ್ದವರು. 1865ರಲ್ಲಿ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚು, ಒಂದರೊಳಗೊಂದು ಕೊಂಡಿ ಹಾಕಿಕೊಂಡು ಕೂರುವಂಥದ್ದು. ಹಾಗಾಗಿ ಜರ್ಮನಿಯ ಹಳೆಯ ಮಾಡುಗಳೆಲ್ಲ ನಮ್ಮ ಮನೆಗಳಂತೆ ಇರುತ್ತವೆ ಎಂದುಕೊಂಡಿದ್ದೇನೆ. ಚಿತ್ರ ಹಾಕಿ.

ನೆಕ್ಕರ್_ದಂಡೆ:
ಹಾಗಿಲ್ಲ ಸ್ವಾಮಿ. ಇಲ್ಲಿನ ಹಳೆಯ ಮಾಡುಗಳಲ್ಲಿ ಹೆಚ್ಚು ಕಾಣುವುದು ನೀರುನಾಯಿಯ ಬಾಲದಂತಿರುವ ಚಪ್ಪಟೆ ಹಂಚು, ಜರ್ಮನ್ ಹೆಸರು "ಬೀಬರ್‌ಶ್ವಾಂಟ್ಸ್". ಮೀನಿನ ಹುರುಪೆ ಜೋಡಿಸಿದಂತೆ ಕಾಣುತ್ತದೆ. ಕೊಂಡಿ ಹಂಚನ್ನು ಮೊದಲು ಮಾಡಿದವರು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಜಿಲಾರ್ಡೋನಿ ಸಹೋದರರು, 1841ರಲ್ಲಿ.

ಚುರುಮುರಿ:
ಬೀಬರ್ ಎಂದರೆ ನೀರುನಾಯಿ ಅಲ್ಲ. ನೀರುನಾಯಿ ಮೀನು ತಿನ್ನುವುದು, ನಮ್ಮ ಹೊಳೆಗಳಲ್ಲೂ ಇದೆ. ಬೀವರ್ ಮರ ಕಡಿದು ಅಣೆಕಟ್ಟು ಕಟ್ಟುವ ಪ್ರಾಣಿ, ಚಪ್ಪಟೆ ಬಾಲ ಇರುವುದು ಅದಕ್ಕೆ.

ನೆಕ್ಕರ್_ದಂಡೆ:
ಒಪ್ಪಿದೆ. ಹೆಂಡತಿ ಇದನ್ನು ಓದಿ ಈಗಾಗಲೇ ನಗುತ್ತಿದ್ದಾಳೆ.

ಜೆಪ್ಪು_ಹಂಚು:
ಅಂದರೆ ನಮ್ಮ ಹಂಚಿನ ಮೂಲ ಫ್ರೆಂಚ್? ಅಜ್ಜ ಇದ್ದಿದ್ದರೆ ಈ ಮಾತಿಗೆ ಜಗಳ ಆಡುತ್ತಿದ್ದರು.

ಸುಮ್ಮನೆ_ಕೇಳಿದೆ:
ಒಂದು ಪ್ರಶ್ನೆ. ಮತಾಂತರಕ್ಕೆಂದು ಬಂದವರ ಹುಟ್ಟೂರಿಗೆ ತೀರ್ಥಯಾತ್ರೆ ಏಕೆ? ಪತ್ರಿಕೆ ತೆಗೆದದ್ದೂ ಅದಕ್ಕೇ ಅಲ್ಲವೇ?

ತುಂಗಾತೀರ:
ಅವರು ಬಂದದ್ದು ಅದಕ್ಕೇ. ಅದನ್ನು ಮುಚ್ಚಿಟ್ಟು ಮಕ್ಕಳಿಗೆ ನಾನು ಯಾವತ್ತೂ ಪಾಠ ಮಾಡಿಲ್ಲ. ಆದರೆ ಅದೇ ಮನುಷ್ಯ 1848ರಿಂದ 1853ರ ನಡುವೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದರು. ಹಣ ಕೊಟ್ಟವರು ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಪುರಂದರದಾಸರ ಪದಗಳನ್ನು ಹಾಡುವವರ ಬಾಯಿಯಿಂದ ಬಿಡಿಸಿ ಕಾಗದಕ್ಕೆ ಇಳಿಸುವಾಗ ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕಾಣೆ. ನಾನು ಹೊರಟಿರುವುದು ಪೂಜೆಗೆ ಅಲ್ಲ, ನೋಡುವುದಕ್ಕೆ.

ಸುಮ್ಮನೆ_ಕೇಳಿದೆ:
ಸರಿ. ನೋಡುವುದಕ್ಕೆ ನನ್ನ ತಕರಾರಿಲ್ಲ.

ಅಂಕೋಲೆ_ಉಪ್ಪು:
ಕಿಟೆಲ್ ಹುಟ್ಟಿದ ಟ್ಯೂಬಿಂಗನ್ ಕೂಡ ಹತ್ತಿರವೇ ಇದೆ, ಅಲ್ಲಿಗೂ ಹೋಗಿ ಬನ್ನಿ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ.

ತುಂಗಾತೀರ:
ಕಿಟೆಲ್ ಹುಟ್ಟಿದ್ದು ಉತ್ತರದ ಸಮುದ್ರದಂಚಿನ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆಯಲ್ಲಿ, 1832. ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, 1903. ಆ ಊರಿನ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ 1858ರಲ್ಲಿ, ಕಿಟೆಲ್ಲರಿಗೆ ನಿಘಂಟು ಬಂದು ಎರಡು ವರ್ಷಕ್ಕೆ, 1896ರಲ್ಲಿ, ಗೌರವ ಡಾಕ್ಟರೇಟ್ ಕೊಟ್ಟಿತು. (ಕ್ಷಮಿಸಿ, ನಿವೃತ್ತಿಯಾದರೂ ಕೆಂಪು ಶಾಯಿಯ ಚಟ ಬಿಟ್ಟಿಲ್ಲ.)

ಅಂಕೋಲೆ_ಉಪ್ಪು:
ನಮ್ಮ ಹೈಸ್ಕೂಲಿನ ಮೇಷ್ಟ್ರ ನೆನಪಾಗಿ ಬೆನ್ನು ನೆಟ್ಟಗಾಯಿತು.

ಕಾಡುಮಲ್ಲಿಗೆ:
ನಾನಾದರೆ ಕಾಲ್ವ್‌ಗೆ ಹೋಗುತ್ತೇನೆ. ಕಪ್ಪು ಅರಣ್ಯದ ಅಂಚಿನಲ್ಲಿ ನಾಗೋಲ್ಡ್ ಹೊಳೆಯ ದಂಡೆ. ಹೊಳೆಯ ಮೇಲೆ ಆರುನೂರು ವರ್ಷ ಹಳೆಯ ಕಲ್ಲಿನ ಸೇತುವೆ, ಸೇತುವೆಯ ನಡುವೆಯೇ ನಾಲ್ಕು ಜನ ನಿಂತರೆ ತುಂಬಿಹೋಗುವ ಪ್ರಾರ್ಥನಾ ಮಂದಿರ. ಕಾದಂಬರಿಕಾರ ಹರ್ಮನ್ ಹೆಸ್ಸೆ ಹುಟ್ಟಿದ್ದು ಅಲ್ಲೇ, 1877. ಅವರ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್.

ಹಳೆಯ_ಪ್ರವಾಸಿ:
ಗುಂಡರ್ಟ್ ಮಲಯಾಳಕ್ಕೆ ನಿಘಂಟು ಮಾಡಿದವರು. ಅದು ಮಲಯಾಳಿಗಳ ಊರು ಎಂದಾಯಿತು.

ಕಾಡುಮಲ್ಲಿಗೆ:
ಊರಿಗೂ ಗಡಿ ವಿವಾದವೇ? ಮೊಗ್ಲಿಂಗ್ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬರೆದವರು ಇದೇ ಗುಂಡರ್ಟ್, ಕಾಲ್ವ್‌ನಲ್ಲಿ ಕುಳಿತು.

ನೆಕ್ಕರ್_ದಂಡೆ:
ಮುಖ್ಯ ವಿಷಯಕ್ಕೆ ಬರುತ್ತೇನೆ: ಭಾನುವಾರ. ಮೇಡಂ, ಶನಿವಾರ ಸಂಜೆಯೇ ಹಣ್ಣು, ಮೊಸರು, ಬ್ರೆಡ್ ಕೊಂಡಿಟ್ಟುಕೊಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬೇಕರಿ ಕೆಲವು ಗಂಟೆ ತೆರೆದಿರಬಹುದು, ಪೆಟ್ರೋಲ್ ಬಂಕ್ ಇರುತ್ತದೆ, ಅಷ್ಟೇ. ಇದು ಸೋಮಾರಿತನ ಅಲ್ಲ, ಸಂವಿಧಾನ. ಭಾನುವಾರವನ್ನು ವಿಶ್ರಾಂತಿಯ ದಿನವಾಗಿ ಕಾಪಾಡಬೇಕು ಎಂದು 1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಹೇಳಿತು. 1949ರಲ್ಲಿ ಹೊಸ ಸಂವಿಧಾನ ಬರೆದಾಗ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡರು.

ನಾನು ಬಂದ ಹೊಸದರಲ್ಲಿ ಒಂದು ಭಾನುವಾರ ಮಧ್ಯಾಹ್ನ, ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿಯ ಗಾಜಿನ ತೊಟ್ಟಿಗೆ ಹಾಕಲು ಹೋದೆ. ಮೊದಲನೆಯದು ಒಳಗೆ ಬಿದ್ದು ಠಳ್ ಎಂದಿತು. ಎದುರು ಮನೆಯ ಎರಡನೆಯ ಮಹಡಿಯ ಕಿಟಕಿ ತೆರೆಯಿತು. ಅಜ್ಜಿ ಬೈಯಲಿಲ್ಲ. ತೊಟ್ಟಿಯ ಮೇಲಿನ ಫಲಕದ ಕಡೆ ಬೆರಳು ತೋರಿಸಿ ನಿಂತರು. ಅದರಲ್ಲಿ ಬಾಟಲಿ ಹಾಕಬಹುದಾದ ಸಮಯ ಬರೆದಿತ್ತು, ಭಾನುವಾರ ಇಲ್ಲ. ಉಳಿದ ಆರು ಬಾಟಲಿ ಹೊತ್ತುಕೊಂಡು ಮನೆಗೆ ಬಂದೆ. ಬೈದಿದ್ದರೆ ಮೇಲಿತ್ತು.

ಅಂಕೋಲೆ_ಉಪ್ಪು:
ಬೆಂಗಳೂರಿನಲ್ಲಿ ನಮ್ಮ ಮೇಲಿನ ಮನೆಯವರು ಭಾನುವಾರ ಬೆಳಗ್ಗೆ ಆರಕ್ಕೆ ಗೋಡೆ ಕೊರೆಯುತ್ತಾರೆ. ಆ ಅಜ್ಜಿಯನ್ನು ಇಲ್ಲಿಗೆ ಕಳುಹಿಸಲು ವೀಸಾ ಎಷ್ಟಾಗುತ್ತದೆ?

ಚುರುಮುರಿ:
ಸ್ತಬ್ಧವಾಗಿರುತ್ತದೆ ಎನ್ನುವವರು ಚರ್ಚ್ ಗಂಟೆಯನ್ನು ಮರೆತಿದ್ದೀರಿ. ನಾನು ಉಳಿದುಕೊಂಡ ಊರಿನಲ್ಲಿ ರಾತ್ರಿಯಿಡೀ ಕಾಲು ಗಂಟೆಗೊಮ್ಮೆ ಬಡಿಯುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರ ನಿಷಿದ್ಧ, ಗಂಟೆಗೆ ಮಾತ್ರ ವಿನಾಯಿತಿ.

ಕಾಡುಮಲ್ಲಿಗೆ:
ಊಟದ ವಿಷಯ ಯಾರೂ ಹೇಳಲಿಲ್ಲ. ಮೌಲ್‌ಟಾಶನ್ ಎಂದು ಕೊಡುತ್ತಾರೆ, ನೋಡಲು ಚಪ್ಪಟೆ ಕರ್ಜಿಕಾಯಿ. ಒಳಗೆ ಪಾಲಕ್ ಕಂಡಿತೆಂದು ಮೋಸಹೋಗಬೇಡಿ, ಮಾಂಸವೂ ಇರುತ್ತದೆ. ಕ್ರೈಸ್ತರ ಉಪವಾಸದ ಕಾಲದಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನಲ್ಲಿ ಮುಚ್ಚಿದರು ಎಂದು ಅಲ್ಲಿನವರೇ ತಮಾಷೆ ಮಾಡುತ್ತಾರೆ. ಚೀಸ್ ಹಾಕಿದ ಸ್ಪೇಟ್ಸ್ಲೆ ಕೇಳಿ, ನಮ್ಮ ಶಾವಿಗೆಗೆ ದಪ್ಪ ಅಣ್ಣ. ಸೆಪ್ಟೆಂಬರಿನಲ್ಲಿ ಈರುಳ್ಳಿಯ ಕಡುಬಿನಂಥದ್ದು ಸಿಗುತ್ತದೆ, ಹೊಸ ದ್ರಾಕ್ಷಿ ಮದ್ಯದ ಜೊತೆ ತಿನ್ನುವುದು ರೂಢಿ. ಅದರಲ್ಲೂ ಹಂದಿಯ ಚೂರು ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ.

ನೆಕ್ಕರ್_ದಂಡೆ:
ಕಡುಬು ಎಂದರೆ ಹಬೆಯಲ್ಲಿ ಬೇಯಿಸಿದ್ದು. ಇದು ಒಲೆಯಲ್ಲಿ ಸುಟ್ಟದ್ದು, ಆದರೆ ಹೋಗಲಿ. ಚನ್ನಂಗಿ ಬೇಳೆಯನ್ನು ಇಡಿಯಾಗಿ ಬೇಯಿಸಿ ವಿನೆಗರ್ ಹುಳಿ ಹಾಕಿದ ಸಾರೂ ಇದೆ. ಪಕ್ಕದಲ್ಲಿ ಸಾಸೇಜ್ ಇಡುತ್ತಾರೆ, ಬೇಡವೆಂದರೆ ತೆಗೆಯುತ್ತಾರೆ. ಒಗ್ಗರಣೆಯ ಸದ್ದಿಲ್ಲದ ಸಾರು ನನಗೆ ಏಳು ವರ್ಷವಾದರೂ ಒಗ್ಗಿಲ್ಲ.

ಬ್ರಾಕನ್‌ಹೈಮ್ ಕೆಂಪು ದ್ರಾಕ್ಷಿಯ ಊರು. ಬೆಳೆಗಾರರು ತಮ್ಮ ಮನೆ ಅಥವಾ ಕೊಟ್ಟಿಗೆಯಲ್ಲೇ ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ಸ್ವಂತ ದ್ರಾಕ್ಷಿ ಮದ್ಯ, ಸರಳ ಊಟ ಕೊಡಬಹುದು. ಪ್ರತ್ಯೇಕ ಪರವಾನಗಿ ಬೇಡ, ಆದರೆ ನಲವತ್ತು ಆಸನ ಮೀರುವಂತಿಲ್ಲ. ತೆರೆದಿದೆ ಎನ್ನುವುದಕ್ಕೆ ಗುರುತು, ಬಾಗಿಲಿಗೆ ನೇತುಹಾಕಿದ ಪೊರಕೆ.

ಅಂಕೋಲೆ_ಉಪ್ಪು:
ಬಾಗಿಲಲ್ಲಿ ಪೊರಕೆ ತೂಗುವ ಮನೆಗೆ ಊಟಕ್ಕೆ ಹೋಗಬೇಕೇ? ನನ್ನ ಅಮ್ಮ ಹೊಸಿಲಿನಿಂದಲೇ ವಾಪಸು ಬರುತ್ತಾರೆ.

ಹಳೆಯ_ಪ್ರವಾಸಿ:
ಹೋಗುವುದೇ ಆದರೆ ಹ್ಯೂಸ್ ವಸ್ತುಸಂಗ್ರಹಾಲಯ ನೋಡಿ. ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಪತಿ ಥಿಯೋಡೋರ್ ಹ್ಯೂಸ್ ಹುಟ್ಟಿದ್ದೂ ಬ್ರಾಕನ್‌ಹೈಮ್‌ನಲ್ಲೇ, 1884. ಮಹಾ ಪ್ರಜಾಪ್ರಭುತ್ವವಾದಿ.

ಸುಮ್ಮನೆ_ಕೇಳಿದೆ:
1933ರ ಮಾರ್ಚ್‌ನಲ್ಲಿ ಹಿಟ್ಲರನಿಗೆ ಸರ್ವಾಧಿಕಾರ ಕೊಟ್ಟ ಕಾಯಿದೆಯ ಪರ ಕೈ ಎತ್ತಿದವರಲ್ಲಿ ಇದೇ ಹ್ಯೂಸ್ ಒಬ್ಬರು. ಅದನ್ನೂ ಸೇರಿಸಿ ಹೇಳಿ.

ಹಳೆಯ_ಪ್ರವಾಸಿ:
ಪಕ್ಷದ ನಿರ್ಧಾರಕ್ಕೆ ತಲೆಬಾಗಿದರು. ಆದರೆ ಹತ್ತು ವರ್ಷ ರಾಷ್ಟ್ರಪತಿಯಾಗಿ ದೇಶದ ಮುಖ ತೊಳೆದವರೂ ಅವರೇ.

ಸುಮ್ಮನೆ_ಕೇಳಿದೆ:
ಎರಡೂ ನಿಜ. ಒಂದನ್ನೇ ಹೇಳಬೇಡಿ ಎಂದೆ, ಅಷ್ಟೇ.

ತುಂಗಾತೀರ:
ಟಿಕೆಟ್ ಆಯಿತು. ಎರಡು ರಾತ್ರಿ. ಮಗ ಮುಖ ಊದಿಸಿಕೊಂಡು ಕಾಯ್ದಿರಿಸಿದ. ಬಂದು ಬರೆಯುತ್ತೇನೆ.

(ಐದು ವಾರಗಳ ನಂತರ)

ತುಂಗಾತೀರ:
ಬಂದೆ. ಕೆಮ್ಮು ಬಿಟ್ಟರೆ ಕ್ಷೇಮ.

ಭಾನುವಾರ ಹನ್ನೊಂದಕ್ಕೆ ಬಸ್ಸಿಳಿದೆವು. ಇಳಿದವರು ನಾವಿಬ್ಬರೇ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕೇಳಿಸಿದ್ದು ನಮ್ಮ ಪೆಟ್ಟಿಗೆಯ ಚಕ್ರದ ಸದ್ದು, ಕಲ್ಲು ಹಾಸಿದ ಬೀದಿಯಲ್ಲಿ ಗಡಗಡ ಎಂದು. ನನಗೇ ನಾಚಿಕೆಯಾಗಿ "ಎತ್ತಿಕೊಳ್ಳೋ" ಎಂದೆ. ಹದಿನೆಂಟು ಕೆಜಿ ಪೆಟ್ಟಿಗೆಯನ್ನು ಮಗ ಹೆಗಲಿಗೆ ಹಾಕಿಕೊಂಡು ನಡೆದ. ಎದುರಿಗೆ ನಾಯಿ ಹಿಡಿದು ಬಂದ ಗಂಡ ಹೆಂಡತಿ "ಗ್ರ್ಯೂಸ್ ಗಾಟ್" ಎಂದರು. ದೇವರ ಹೆಸರಿನಲ್ಲಿ ನಮಸ್ಕಾರವಂತೆ. ನಾಲ್ಕು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿರುವ ಮಗನಿಗೆ ಬೀದಿಯಲ್ಲಿ ಅಪರಿಚಿತರು ಹಾಗೆಂದದ್ದು ಅದೇ ಮೊದಲಂತೆ.

ನಾವು ಉಳಿದ ಮನೆಯ ಮೆಟ್ಟಿಲ ಬಳಿ, ಒಂದು ಬಾಗಿಲಿನ ಹಿಡಿಗೆ ಸಣ್ಣ ಮರದ ಹಲಗೆ ತೂಗುತ್ತಿತ್ತು. ಈ ವಾರ ಮೆಟ್ಟಿಲು, ಮುಂದಿನ ರಸ್ತೆಯಂಚು ಗುಡಿಸುವ ಸರದಿ ಆ ಮನೆಯವರದು ಎಂದು ಮಗ ಓದಿ ಹೇಳಿದ. ಗುಡಿಸಿದ ಮೇಲೆ ಹಲಗೆಯನ್ನು ಪಕ್ಕದ ಮನೆಯ ಹಿಡಿಗೆ ಹಾಕುವುದಂತೆ. ಸೋಮವಾರ ಬೆಳಗ್ಗೆ ನಾನು ಎದ್ದು ನೋಡುವಾಗ ಹಲಗೆ ಎದುರು ಬಾಗಿಲಿಗೆ ಹೋಗಿತ್ತು. ಯಾರು, ಯಾವಾಗ ಹಾಕಿದರೋ, ಹೆಜ್ಜೆಯ ಸದ್ದೂ ಕೇಳಿಸಲಿಲ್ಲ.

ಮೊಗ್ಲಿಂಗರ ಊರಿನಲ್ಲಿ ಮೊಗ್ಲಿಂಗರನ್ನು ಬಲ್ಲವರು ನನಗೆ ಸಿಗಲಿಲ್ಲ. ಸೋಮವಾರ ಬೇಕರಿಯಲ್ಲಿ ಒಬ್ಬ ಹಿರಿಯರು ಮಾತಿಗೆ ಸಿಕ್ಕರು, ಮಗ ದುಭಾಷಿ. ನಿಮ್ಮ ಊರಿನ ಹುಡುಗನೊಬ್ಬ ನಮ್ಮ ಭಾಷೆಯ ಮೊದಲ ಪತ್ರಿಕೆ ತೆಗೆದ ಎಂದೆ. ಯಾವ ಭಾಷೆ ಎಂದರು. ಕನ್ನಡ ಎಂದೆ. ಬರೆದು ತೋರಿಸಿ ಎಂದು ಬ್ರೆಡ್ಡಿನ ಕಾಗದದ ಚೀಲವನ್ನೇ ಮುಂದಿಟ್ಟರು. ಅವರ ಊರಿನ ಹೆಸರನ್ನೇ ಬರೆದೆ, ಬ್ರಾಕನ್‌ಹೈಮ್. ಬಹಳ ಹೊತ್ತು ನೋಡಿ, "ಬ್ರಾ"ದ ಕೆಳಗಿನ ಕೊಕ್ಕೆಯ ಮೇಲೆ ಬೆರಳಿಟ್ಟು, ಇದೇನು, ಬೇರೆ ಅಕ್ಷರವೋ ಅಲಂಕಾರವೋ ಎಂದರು. ಒತ್ತಕ್ಷರ ಎಂದರೇನು ಎಂದು ಜರ್ಮನ್‌ನಲ್ಲಿ ಹೇಳುವುದಕ್ಕೆ ಮಗ ಪಟ್ಟ ಪಾಡು! ಒಬ್ಬರ ಹೆಗಲಿಗೆ ಇನ್ನೊಬ್ಬರು ಜೋತುಬಿದ್ದಂತೆ ಎಂದನಂತೆ. ಅವರು ಚೀಲದ ಆ ಭಾಗವನ್ನು ಹರಿದು ಮಡಿಚಿ ಜೇಬಿಗಿಟ್ಟುಕೊಂಡರು. ನನ್ನ ಬ್ರೆಡ್ಡು ಕೈಯಲ್ಲೇ ಉಳಿಯಿತು.

ಹ್ಯೂಸರ ವಿಷಯದಲ್ಲಿ ನೀವಿಬ್ಬರೂ ಜಗಳ ಆಡಿದ್ದರಿಂದ ಅವರ ಬಗ್ಗೆ ಮಗನಿಂದ ಸ್ವಲ್ಪ ಓದಿಸಿಕೊಂಡೆ. ಅವರ ಡಾಕ್ಟರೇಟ್ ಪ್ರಬಂಧ ಹೈಲ್‌ಬ್ರಾನಿನ ದ್ರಾಕ್ಷಿ ಬೆಳೆಗಾರರ ಮೇಲೆಯಂತೆ. ಊರಿನ ಗುಣ.

ಸತ್ಯ ಹೇಳಬೇಕಲ್ಲ, ಸೋಮವಾರ ಮಧ್ಯಾಹ್ನ ಮೂರರ ನಂತರ ನನಗೂ ಬೇಸರ ಬಂತು. ನೈಪ್ಪರ್ಗ್‌ನ ಜೋಡಿ ಗೋಪುರದ ಕೋಟೆಯ ಕಡೆಗೆ ತೋಟಗಳ ನಡುವೆ ಅರ್ಧ ದಾರಿ ನಡೆದು, ಮಂಡಿ ನೋವಿಗೆ ತಿರುಗಿ ಬಂದೆ. ಒಂದು ರಾತ್ರಿ ಸಾಕಿತ್ತು.

ಹಳೆಯ_ಪ್ರವಾಸಿ:
ನಾನು ಹೇಳಿರಲಿಲ್ಲವೇ?

ತುಂಗಾತೀರ:
ನೀವು ಒಂದೂ ಬೇಡ ಎಂದಿದ್ದಿರಿ. ಪ್ಯಾರಿಸ್‌ನಲ್ಲಿ ಗೋಪುರ ಹತ್ತಲು ಎರಡೂವರೆ ಗಂಟೆ ಸಾಲಿನಲ್ಲಿ ನಿಂತೆ. ಅದನ್ನು ಯಾರೂ ದಂಡ ಎನ್ನುವುದಿಲ್ಲ.

ನೆಕ್ಕರ್_ದಂಡೆ:
ಊಟ?

ತುಂಗಾತೀರ:
ಚೀಸ್ ಸ್ಪೇಟ್ಸ್ಲೆ ಎರಡು ಸಲ. ಎರಡನೆಯ ಸಲ ಕೈಚೀಲದಿಂದ ಚಟ್ನಿಪುಡಿ ತೆಗೆದೆ. ನೀರು ಕೇಳಿದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸಿದರು, ಅದನ್ನು ಯಾರೂ ಮೊದಲೇ ಹೇಳಲಿಲ್ಲ. ನಲ್ಲಿಯ ನೀರು ಕುಡಿಯಬಹುದು ಎಂದು ಮಗ ಆಮೇಲೆ ಹೇಳಿದ.

ಜೆಪ್ಪು_ಹಂಚು:
ಮಾಡಿನ ಚಿತ್ರ ಮೇಡಂ?

ತುಂಗಾತೀರ:
ಇಪ್ಪತ್ತಾರು ತೆಗೆದಿದ್ದೇನೆ, ಮಗ ಕಳುಹಿಸಿದ ಮೇಲೆ ಹಾಕುತ್ತೇನೆ. ಹಳೆಯ ಮನೆಗಳ ಮೇಲೆ ಆ ಬೀವರ್ ಬಾಲವೇ. ಆದರೆ ಒಂದು ಕೊಟ್ಟಿಗೆಯ ಮೇಲೆ ನಮ್ಮಂಥದ್ದೇ ಕೊಂಡಿ ಹಂಚು ಕಂಡಿತು, ಪಾಚಿ ಹಿಡಿದಿತ್ತು.

ಅಂಕೋಲೆ_ಉಪ್ಪು:
ಪೊರಕೆ? ಬಾಗಿಲಲ್ಲಿ ನಿಜವಾಗಿ ಇತ್ತೇ?

ತುಂಗಾತೀರ:
ಇತ್ತು. ಕಡ್ಡಿಗಳನ್ನು ಕಟ್ಟಿದ, ಉದ್ದ ಹಿಡಿಯದು, ಬಾಗಿಲ ಮೇಲೆ ಅಡ್ಡಲಾಗಿ. ಒಳಗೆ ನಗುವಿನ ಸದ್ದು ಬೀದಿಯವರೆಗೆ ಕೇಳುತ್ತಿತ್ತು, ಇಡೀ ಊರಿನ ಗದ್ದಲವೆಲ್ಲ ಅಲ್ಲೇ ಸೇರಿದಂತೆ. ಮಗ ಒಳಗೆ ಹೋದ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ದ್ರಾಕ್ಷಿ ರಸ ಕುಡಿದೆ.

ಜೆಪ್ಪು_ಹಂಚು:
ನಮ್ಮ ಕಡೆ ಅದನ್ನು ಹಿಡಿಸೂಡಿ ಎನ್ನುತ್ತೇವೆ. ತೆಂಗಿನ ಗರಿಯ ಕಡ್ಡಿಯದು.

ಚುರುಮುರಿ:
ಇದು ಬರ್ಚ್ ಮರದ ಕಡ್ಡಿಯದು ಇರಬೇಕು.

ಜೆಪ್ಪು_ಹಂಚು:
ಶುರುವಾಯಿತು.